ಅಧ್ಯಕ್ಷರು ಒಂದು ಸಹಿ ಹಾಕಿದರೆ ತೆರಿಗೆ ಇಳಿಯಲ್ವಾ?

ಪ್ರಶ್ನೆ: ನಮಸ್ಕಾರ ಸರ್. ನಾನು ಅಮೆರಿಕದ ನ್ಯೂಜೆರ್ಸಿಯಲ್ಲಿದ್ದೇನೆ, ಎಚ್‌1ಬಿ ಕೆಲಸದ ವೀಸಾ. ಇಲ್ಲಿ ಪ್ರತಿ ಚುನಾವಣೆಯಲ್ಲೂ ಒಬ್ಬರು ತೆರಿಗೆ ಇಳಿಸ್ತೀನಿ ಅಂತಾರೆ, ಇನ್ನೊಬ್ಬರು ಶ್ರೀಮಂತರಿಗೆ ಏರಿಸ್ತೀನಿ ಅಂತಾರೆ. ಗೆದ್ದ ಮೇಲೆ ವರ್ಷಗಟ್ಟಲೆ ಎಳೆದಾಟ. ಅಷ್ಟೊಂದು ಆದೇಶಗಳಿಗೆ ಸಹಿ ಹಾಕುವವರಿಗೆ ಇದೊಂದು ಯಾಕೆ ಆಗಲ್ಲ?

ಉತ್ತರ: ಆ ಪ್ರಯೋಗವೂ ಆಗಿದೆ ಸರ್. ಕೋವಿಡ್ ಸಮಯ, 2020ರ ಆಗಸ್ಟ್. ಸಂಬಳದಲ್ಲಿ ಹಿಡಿಯುವ ತೆರಿಗೆ ಇಳಿಸಿ ಅಂತ ಟ್ರಂಪ್ ಕೇಳುತ್ತಲೇ ಇದ್ದರು, ಕಾಂಗ್ರೆಸ್ (ಇಲ್ಲಿನ ಸಂಸತ್ತು) ಒಪ್ಪಲಿಲ್ಲ. ಕೊನೆಗೆ ತಾವೇ ಆದೇಶ ಹೊರಡಿಸಿದರು. ನೌಕರರ ಪಾಲಿನ 6.2% ಸೋಷಿಯಲ್ ಸೆಕ್ಯುರಿಟಿ (ಪಿಂಚಣಿ) ತೆರಿಗೆಯನ್ನು ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಹಿಡಿಯಬೇಕಿಲ್ಲ ಅಂತ.

ಎರಡು ವಾರಕ್ಕೆ 3,000 ಡಾಲರ್ ಸಂಬಳ ಇದ್ದವರಿಗೆ 186 ಡಾಲರ್ ಜಾಸ್ತಿ ಕೈಗೆ ಬಂತು. ಖುಷಿ ಅಲ್ವಾ? ಆದರೆ ಅದು ಮನ್ನಾ ಅಲ್ಲ, ಮುಂದೂಡಿಕೆ ಅಷ್ಟೇ. ಮುಂದೂಡುವ ಅಧಿಕಾರವನ್ನು ಕಾಂಗ್ರೆಸ್ಸೇ ಹಳೆಯ ಕಾನೂನಿನಲ್ಲಿ ಕೊಟ್ಟಿತ್ತು, ಮನ್ನಾ ಮಾಡುವುದನ್ನು ಕೊಟ್ಟಿರಲಿಲ್ಲ. 2021ರಲ್ಲಿ ಹೊಸ ವರ್ಷದ ತೆರಿಗೆಯ ಜೊತೆ ಹಳೆ ಬಾಕಿಯನ್ನೂ ಸಂಬಳದಿಂದ ಮುರಿದುಕೊಂಡರು. ಇದು ಗೊತ್ತಿದ್ದೇ ಎಷ್ಟೋ ಖಾಸಗಿ ಕಂಪನಿಗಳು ಈ ಗೋಜಿಗೆ ಹೋಗಲಿಲ್ಲ. ಕೇಂದ್ರ ಸರ್ಕಾರದ ನೌಕರರಿಗೆ, ಸೈನಿಕರಿಗೆ ಬೇಡ ಅನ್ನುವ ಆಯ್ಕೆಯೇ ಇರಲಿಲ್ಲ ಪಾಪ. ಬಾಕಿ ತೀರಿಸಲು ನಾಲ್ಕೇ ತಿಂಗಳು ಇದ್ದದ್ದನ್ನು ವರ್ಷಪೂರ್ತಿಗೆ ವಿಸ್ತರಿಸಿದ್ದು ಕೂಡ ಕಾಂಗ್ರೆಸ್ಸೇ.

ಇಲ್ಲಿ ತೆರಿಗೆ ಹಾಕುವ ಅಧಿಕಾರವನ್ನು ಸಂವಿಧಾನ ಕೊಟ್ಟಿರುವುದು ಕಾಂಗ್ರೆಸ್ಸಿಗೆ. ಮಸೂದೆ ಮೊದಲು ಅದರ ಕೆಳಮನೆಯಾದ ಹೌಸ್‌ನಲ್ಲೇ ಹುಟ್ಟಬೇಕು. ಆಮೇಲೆ ಮೇಲ್ಮನೆ ಸೆನೆಟ್. ಅಲ್ಲಿ ಅಡ್ಡಗಾಲು ಹಾಕುವವರನ್ನು ದಾಟಲು 100ರಲ್ಲಿ 60 ಮತ ಬೇಕು. ಬಜೆಟ್ ಮಸೂದೆಗಳಿಗಿರುವ ರಿಕನ್ಸಿಲಿಯೇಷನ್ ಅನ್ನುವ ಒಳದಾರಿ ಹಿಡಿದರೆ ಸರಳ ಬಹುಮತ ಸಾಕು, ಆದರೆ ಅದಕ್ಕೆ ಷರತ್ತುಗಳಿವೆ. 2001ರಲ್ಲಿ ಬುಷ್ ತಂದ ಕಡಿತಕ್ಕೆ 2010ರ ಕೊನೆಗೆ ಮುಗಿಯುವ ಗಡುವು ಬಿದ್ದದ್ದು ಅದರಿಂದಲೇ.

ಪ್ರಶ್ನೆ: ನಮ್ಮ ದೇಶದಲ್ಲಿ ಬಜೆಟ್ ದಿನ ಹೇಳಿದರೆ ಆಗಿಯೇ ಹೋಯ್ತು ಅಲ್ವಾ?

ಉತ್ತರ: ನಿಮ್ಮ ಗೊಂದಲದ ಬೇರು ಅಲ್ಲೇ ಇದೆ. 2025ರ ಫೆಬ್ರವರಿಯಲ್ಲಿ 12 ಲಕ್ಷದವರೆಗೆ ತೆರಿಗೆ ಇಲ್ಲ ಅಂತ ನಿರ್ಮಲಾ ಸೀತಾರಾಮನ್ ಹೇಳಿದರು. (ಅವರು ರಾಜ್ಯಸಭೆಗೆ ಹೋಗಿದ್ದು ನಮ್ಮ ಕರ್ನಾಟಕದಿಂದಲೇ!) ಲೋಕಸಭೆಯಲ್ಲಿ ಬಹುಮತ ಇದ್ದದ್ದಕ್ಕೇ ಅದು ಸರ್ಕಾರ. ವಿಪ್ (ಪಕ್ಷದ ಆದೇಶ) ಮೀರಿದ ಸಂಸದರ ಸ್ಥಾನಕ್ಕೇ ಕುತ್ತು. ಇಲ್ಲಿ ಅಧ್ಯಕ್ಷರು ಕಾಂಗ್ರೆಸ್ಸಿನ ಸದಸ್ಯರೇ ಅಲ್ಲ. ಸ್ವಪಕ್ಷದವರು ಕೈಕೊಟ್ಟರೂ ಅವರ ಸೀಟು ಹೋಗಲ್ಲ. ಬೈಡನ್ ಅವರ ಮೊದಲ ಎರಡು ವರ್ಷ ಸೆನೆಟ್ 50-50. ಕಂಪನಿ ತೆರಿಗೆಯನ್ನು 21ರಿಂದ 28%ಗೆ ಏರಿಸಬೇಕು ಅಂತ ಅವರಿಗೆ ಆಸೆ. ಮಗ್ಗುಲಲ್ಲೇ ಜೋ ಮ್ಯಾಂಚಿನ್, ಕಿರ್ಸ್ಟನ್ ಸಿನೆಮಾ ಅಂಥ ಒಪ್ಪದ ಸ್ವಪಕ್ಷದ ಸೆನೆಟರ್‌ಗಳು ಇದ್ದರು. 21 ಅಲುಗಲಿಲ್ಲ.

ಪ್ರಶ್ನೆ (ಇನ್ನೊಬ್ಬರು): ಸರ್, ಊರಿಗೆ ಕಳಿಸುವ ದುಡ್ಡಿಗೆ 5% ಅಂತ ಸುದ್ದಿ ಬಂದಿತ್ತು. ಅಮ್ಮನಿಗೆ ತಿಂಗಳು ತಿಂಗಳು ಕಳಿಸ್ತೀನಿ. ಅದೇನಾಯ್ತು?

ಉತ್ತರ: ಅದೂ ಇದೇ ಕಥೆ ಮೇಡಂ. ಟ್ರಂಪ್ ಅವರ 2025ರ ತೆರಿಗೆ ಮಸೂದೆ ಹೌಸ್‌ಗೆ ಬಂದಾಗ 5% ಇತ್ತು, ಅಲ್ಲಿಂದ ಹೊರಡುವಾಗ 3.5% ಆಯ್ತು. ಸೆನೆಟ್ ಅದನ್ನು 1%ಗೆ ಇಳಿಸಿತು, ಅದೂ ನಗದು, ಮನಿ ಆರ್ಡರ್, ಕ್ಯಾಷಿಯರ್ ಚೆಕ್ ಕೊಟ್ಟು ಕಳಿಸುವವರಿಗೆ ಮಾತ್ರ. 2026ರ ಜನವರಿಯಿಂದ ಜಾರಿ. ಇಲ್ಲಿನ ಬ್ಯಾಂಕ್ ಖಾತೆಯಿಂದಲೋ ಡೆಬಿಟ್ ಕಾರ್ಡಿನಿಂದಲೋ ಕಳಿಸಿದರೆ ಈ ತೆರಿಗೆ ಇಲ್ಲ. ಅಮ್ಮನಿಗೆ ಎಂದಿನಂತೆ ಕಳಿಸಿ.