ಈಗ ಚೆನ್ನಾಗಿ ಉಜ್ಜಿದರೂ ಹಲ್ಲು ಯಾಕೆ ಕೈಕೊಡುತ್ತಿದೆ?

ಪ್ರಶ್ನೆ: ನನಗೀಗ 46. ಚಿಕ್ಕಂದಿನಲ್ಲಿ ಮನೆಯಲ್ಲಿ ತುಂಬಾ ಕಷ್ಟವಿತ್ತು. ಈಗ ಒಳ್ಳೆಯ ಕೆಲಸವಿದೆ, ಹತ್ತು ವರ್ಷದಿಂದ ದಿನಕ್ಕೆರಡು ಸಲ ಉಜ್ಜುತ್ತೇನೆ, ಸಿಹಿಯೂ ಕಡಿಮೆ. ಆದರೂ ವರ್ಷಕ್ಕೊಂದು ಹಲ್ಲು ಕೈಕೊಡುತ್ತಿದೆ. ನನ್ನದೇ ವಯಸ್ಸಿನ ಸಹೋದ್ಯೋಗಿಗೆ ಒಂದೂ ಹುಳುಕಿಲ್ಲ. ಎಲ್ಲಿ ತಪ್ಪುತ್ತಿದ್ದೇನೆ ಡಾಕ್ಟ್ರೇ?

ಉತ್ತರ (ದಂತವೈದ್ಯೆ): ಈಗೇನೂ ತಪ್ಪುತ್ತಿಲ್ಲ. ಹಳೇ ಬಾಕಿ ವಸೂಲಾಗುತ್ತಿದೆ, ಅಷ್ಟೇ.

ಮೂಳೆ ಮುರಿದರೆ ಕೂಡುತ್ತದೆ, ಚರ್ಮ ಹರಿದರೆ ಮಾಯುತ್ತದೆ. ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್‌ಗೆ ಆ ಭಾಗ್ಯವಿಲ್ಲ. ಅದನ್ನು ಕಟ್ಟಿದ ಜೀವಕೋಶಗಳು ಹಲ್ಲು ಮೂಡುವ ಹೊತ್ತಿಗೇ ಇಲ್ಲವಾಗಿರುತ್ತವೆ. ಆರನೇ ವಯಸ್ಸಿನ ಆಸುಪಾಸು ಹಾಲುಹಲ್ಲುಗಳ ಹಿಂದೆ ಸದ್ದಿಲ್ಲದೆ ಬರುವ ದವಡೆಹಲ್ಲು ಶಾಶ್ವತದ್ದು. ಯಾವ ಹಲ್ಲೂ ಬೀಳದೆ ಬರುವುದರಿಂದ ‘ಇದೂ ಬಿದ್ದುಹೋಗುವುದೇ ಬಿಡು’ ಎಂದುಕೊಳ್ಳುತ್ತಾರೆ. ಹುಳುಕು ಚುಕ್ಕಿಯಷ್ಟಿದ್ದಾಗ ತೋರಿಸಿದರೆ ಸಣ್ಣ ಸಿಮೆಂಟಿನಲ್ಲಿ ಮುಗಿಯುತ್ತದೆ. ತಡವಾದರೆ ದೊಡ್ಡ ಸಿಮೆಂಟ್, ಅದು ಕಿತ್ತುಬಂದು ರೂಟ್ ಕೆನಾಲ್, ಕ್ಯಾಪ್, ಕೊನೆಗೆ ಇಕ್ಕಳ. ನಾಲ್ಕು ಸಲ ಬರಲು ಕೂಲಿ ಬಿಡಲಾಗದವರು ಮೊದಲ ದಿನವೇ “ಕಿತ್ತುಬಿಡಿ” ಅನ್ನುತ್ತಾರೆ. ಅದನ್ನು ಅಸಡ್ಡೆ ಎನ್ನುವ ನಮ್ಮ ವೃತ್ತಿಯವರ ಮೇಲೆ ನನಗೆ ಸಿಟ್ಟಿದೆ.

ನ್ಯೂಜಿಲೆಂಡಿನ ಡ್ಯುನೆಡಿನ್‌ನಲ್ಲಿ 1972–73ರಲ್ಲಿ ಹುಟ್ಟಿದ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ದಶಕಗಟ್ಟಲೆ ಗಮನಿಸಿದ್ದಾರೆ. 26ನೇ ವಯಸ್ಸಿಗೆ ಬಾಯಿ ನೋಡಿದಾಗ, ಬಡಮನೆಗಳಲ್ಲಿ ಬೆಳೆದವರಲ್ಲಿ ಹುಳುಕೂ ವಸಡಿನ ರೋಗವೂ ಹೆಚ್ಚಿತ್ತು. ನಿಮ್ಮ ಹಾಗೆ ಮೇಲೆ ಬಂದವರಲ್ಲೂ ಆ ಹಾನಿ ಅಳಿಸಿರಲಿಲ್ಲ.

ಇನ್ನೊಬ್ಬ ಸದಸ್ಯರು: ಒಂದು ಬ್ರಷ್ಷಿಗೆ ಎಷ್ಟು ಮಹಾ ಖರ್ಚು? ಅಭ್ಯಾಸ ಇಲ್ಲ ಅನ್ನಿ.

ಉತ್ತರ: ಬ್ರಷ್ಷೊಂದೇ ಆಗಿದ್ದರೆ ನಮಗೆ ಕೆಲಸವೇ ಇರುತ್ತಿರಲಿಲ್ಲ! ರಾತ್ರಿ ಪಾಳಿಯಲ್ಲಿ ನಿದ್ದೆ ತಡೆಯಲು ಗಂಟೆಗೊಮ್ಮೆ ಸಿಹಿ ಚಹಾ ಗುಟುಕರಿಸುವವರ ಬಾಯಲ್ಲಿ ಆಮ್ಲ ಇಳಿಯುವುದೇ ಇಲ್ಲ. ಎಷ್ಟು ಸಕ್ಕರೆ ಎನ್ನುವಷ್ಟೇ ಎಷ್ಟು ಸಲ ಎನ್ನುವುದೂ ಮುಖ್ಯ. ಬೇಸರಕ್ಕೆ ಸೇದುವ ಬೀಡಿ, ಸಿಗರೇಟು ವಸಡಿನ ರಕ್ತಸ್ರಾವವನ್ನು ಮರೆಮಾಚುತ್ತದೆ, ರೋಗ ತಿಳಿಯುವಾಗ ಹಲ್ಲು ಅಲ್ಲಾಡುತ್ತಿರುತ್ತದೆ.

ಪ್ರಶ್ನೆ ಕೇಳಿದವರು: ಹಾಗಾದರೆ ನನ್ನ ಪ್ರಯತ್ನ ನೀರಲ್ಲಿ ಹೋಮವೇ?

ಉತ್ತರ: ಇಲ್ಲ, ಉಳಿದವು ಉಳಿದಿರುವುದೇ ಅದರಿಂದ. ಫ್ಲೋರೈಡ್ ಪೇಸ್ಟಿನಲ್ಲಿ ಉಜ್ಜಿದ ಮೇಲೆ ನೊರೆ ಉಗುಳಿ, ಬಾಯಿ ಮುಕ್ಕಳಿಸಬೇಡಿ. ಹಳೇ ಸಿಮೆಂಟಿನ ಅಂಚುಗಳನ್ನು ಪರೀಕ್ಷೆ ಮಾಡಿಸಿ, ಹೊಸ ಹುಳುಕು ಶುರುವಾಗುವುದು ಹೆಚ್ಚಾಗಿ ಅಲ್ಲೇ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರಾ?

ಪ್ರಶ್ನೆ ಕೇಳಿದವರು: ಮಗಳಿಗೆ ಆರೂವರೆ. ಈಗ ಟಾರ್ಚ್ ಹಿಡಿದು ನೋಡಿದೆ, ಕೊನೆಯಲ್ಲೊಂದು ದೊಡ್ಡ ಹಲ್ಲು ಬಂದಿದೆ. ಹಾಲುಹಲ್ಲು ಅಂದುಕೊಂಡಿದ್ದೆ.

ಉತ್ತರ: ಈ ವಾರವೇ ಕರೆದುಕೊಂಡು ಹೋಗಿ. ಅದರ ಗೆರೆಗಳಿಗೆ ಸೀಲೆಂಟ್, ಅಂದರೆ ಹುಳುಕು ಹಿಡಿಯದಂತೆ ಮುಚ್ಚುವ ತೆಳು ಲೇಪ, ಹಾಕಬಹುದಾ ಕೇಳಿ.