ಶಿವಮೊಗ್ಗದಿಂದ ಕಲಬುರಗಿಗೆ ವಿಮಾನದಲ್ಲಿ ಒಂದೇ ಗಂಟೆನಾ?

ತುಂಗಾತೀರ:
ಅಪ್ಪನನ್ನು ಕಲಬುರಗಿಯ ಅಕ್ಕನ ಮನೆಗೆ ಕರೆದುಕೊಂಡು ಹೋಗಬೇಕು. ಅವರಿಗೆ ಮಂಡಿ ನೋವು, ರಾತ್ರಿಯಿಡೀ ಬಸ್ಸಿನಲ್ಲಿ ಕೂರೋಕಾಗಲ್ಲ. ದೂರ ತೋರಿಸುವ ವೆಬ್‌ಸೈಟ್ ಒಂದರಲ್ಲಿ ಸೋಗಾನೆಯಿಂದ (ನಮ್ಮ ಶಿವಮೊಗ್ಗ ಏರ್‌ಪೋರ್ಟ್) ಕಲಬುರಗಿ ಏರ್‌ಪೋರ್ಟ್‌ಗೆ 408 ಕಿ.ಮೀ., ಹಾರಾಟ 1 ಗಂಟೆ ಅಂತಿದೆ. ಟಿಕೆಟ್ ಆ್ಯಪ್‌ನಲ್ಲಿ ಯಾವ ತಾರೀಕು ಹಾಕಿದರೂ ನೇರ ವಿಮಾನ ಬರುತ್ತಿಲ್ಲ. ಎಲ್ಲಿ ಬುಕ್ ಮಾಡುವುದು?

ರನ್‌ವೇಬದಿ:
ಬುಕ್ ಮಾಡೋಕೆ ವಿಮಾನ ಇರಬೇಕಲ್ವಾ! ಆ ಸೈಟುಗಳು ಮಾಡುವುದಿಷ್ಟೇ: ಎರಡು ನಿಲ್ದಾಣಗಳ ಅಕ್ಷಾಂಶ, ರೇಖಾಂಶ ಹಿಡಿದು ನೇರ ಗೆರೆ ಎಳೆಯುತ್ತವೆ. ಗಂಟೆಗೆ 800 ಕಿ.ಮೀ. ವೇಗ ಅಂತ ಭಾಗಿಸಿ, ಏರೋಕೆ ಇಳಿಯೋಕೆ ಅಂತ ಅರ್ಧ ಗಂಟೆ ಸೇರಿಸುತ್ತವೆ. ಆ ಮಾರ್ಗದಲ್ಲಿ ವಿಮಾನ ಇದೆಯೋ ಇಲ್ಲವೋ ಅವಕ್ಕೆ ಬೇಕಿಲ್ಲ.

ನಾಳೆ ಯಾರಾದರೂ ಬಿಟ್ಟರೂ ಅದು ಎಟಿಆರ್ ಆಗಿದ್ದರೆ ಒಂದು ಗಂಟೆಯಲ್ಲಿ ಮುಗಿಯಲ್ಲ. ರೆಕ್ಕೆಗೆ ಫ್ಯಾನ್ ಇರುತ್ತದಲ್ಲ, ಅದೇ. ಅದರ ವೇಗ ಗಂಟೆಗೆ 500 ಕಿ.ಮೀ. ಆಸುಪಾಸು. 408ಕ್ಕೆ ಸುಮಾರು 50 ನಿಮಿಷ. ಟಿಕೆಟ್‌ನಲ್ಲಿ ಬರೆಯುವ ಸಮಯ ಗಾಳಿಯಲ್ಲಿ ಇರುವಷ್ಟು ಹೊತ್ತು ಮಾತ್ರ ಅಲ್ಲ. ಇಲ್ಲಿ ನಿಂತ ಜಾಗದಿಂದ ಕದಲಿದಾಗಿನಿಂದ ಅಲ್ಲಿ ಹೋಗಿ ನಿಲ್ಲುವವರೆಗೆ. ಸಣ್ಣ ನಿಲ್ದಾಣಗಳಲ್ಲಿ ಎಷ್ಟೋ ಕಡೆ ರನ್‌ವೇ ಪಕ್ಕದಲ್ಲಿ ತುದಿವರೆಗೆ ಹೋಗೋಕೆ ಬೇರೆ ದಾರಿ (ಟ್ಯಾಕ್ಸಿವೇ) ಇರಲ್ಲ. ರನ್‌ವೇ ಮೇಲೆಯೇ ತುದಿವರೆಗೆ ಮೆಲ್ಲಗೆ ಹೋಗಿ, ಯೂ ಟರ್ನ್ ಹೊಡೆದು, ಆಮೇಲೆ ಓಡಬೇಕು. ಕಿಟಕಿ ಪಕ್ಕ ಕೂತವರು 'ಇದೇನು, ಹಾರದೆ ವಾಪಸ್ ಬಂತಾ' ಅಂತ ನೋಡುತ್ತಿರುತ್ತಾರೆ. ಎಲ್ಲ ಸೇರಿ 1 ಗಂಟೆ 15 ನಿಮಿಷ ಇಟ್ಟುಕೊಳ್ಳಿ.

ಬೆಂಗಳೂರಲ್ಲಿ ವಿಮಾನ ಬದಲಿಸೋಣ ಅಂದರೆ ಉತ್ತರಕ್ಕೆ ಹೋಗಬೇಕಾದವರು ಮೊದಲು ಪೂರ್ವಕ್ಕೆ 240 ಕಿ.ಮೀ. ಹಾರಬೇಕು. ಅಲ್ಲಿಂದ ಕಲಬುರಗಿಗೆ ಮತ್ತೆ 460. ಆ ಎರಡನೇ ವಿಮಾನ ನೀವು ಹೋಗುವ ದಿನ ಇದೆಯಾ ಅಂತ ಮೊದಲು ನೋಡಿ, ಆಮೇಲೆ ಮೊದಲನೆಯದಕ್ಕೆ ದುಡ್ಡು ಕಟ್ಟಿ. ಸಣ್ಣ ಊರುಗಳಿಗೆ ವಿಮಾನ ಬಿಡಿಸುವ ಉಡಾನ್ ಯೋಜನೆಯಲ್ಲಿ ಒಂದು ಮಾರ್ಗಕ್ಕೆ ಸರ್ಕಾರದ ನೆರವು ಮೂರು ವರ್ಷ. ಅದು ಮುಗಿದ ಮೇಲೆ ಸೀಟು ತುಂಬದಿದ್ದರೆ ಕಂಪನಿ ವಿಮಾನ ನಿಲ್ಲಿಸುತ್ತದೆ. ಕಲಬುರಗಿಯ ರನ್‌ವೇ ಮೂರು ಕಿ.ಮೀ.ಗಿಂತ ಉದ್ದ, ಶಿವಮೊಗ್ಗದ್ದೂ ಅಷ್ಟೇ. ಕೊರತೆ ಇರುವುದು ಜನರದ್ದು.

ಜೋಳದರೊಟ್ಟಿ:
ನಮ್ಮ ಏರ್‌ಪೋರ್ಟ್ ಇರುವುದು ಶ್ರೀನಿವಾಸ ಸರಡಗಿ ಹತ್ತಿರ. ಇಳಿದ ಮೇಲೂ ಊರಿಗೆ ಆಟೋನೋ ಕಾರೋ ಬೇಕು. ಹಿರಿಯರಿಗೆ ರೈಲೇ ವಾಸಿ ಅಂತೀನಿ. ಬೆಳಗಿನ ಜನಶತಾಬ್ದಿಯಲ್ಲಿ ಬೆಂಗಳೂರು, ಮಧ್ಯಾಹ್ನ ಬೈಯಪ್ಪನಹಳ್ಳಿಯ ಸರ್ ಎಂ.ವಿ. ಟರ್ಮಿನಲ್‌ನಿಂದ ವಂದೇ ಭಾರತ್. ಕಲಬುರಗಿ ಮುಟ್ಟುವಾಗ ರಾತ್ರಿ ಹನ್ನೊಂದು ದಾಟಿರುತ್ತದೆ. ವಾರಕ್ಕೊಂದು ದಿನ ಅದು ಓಡಲ್ಲ, ನೋಡಿಕೊಳ್ಳಿ.

ತುಂಗಾತೀರ:
ಬೆಳಗ್ಗೆಯಿಂದ ರಾತ್ರಿವರೆಗೆ ಕೂರಬೇಕು ಅಂದಿದ್ದಕ್ಕೆ ಅಪ್ಪ ಆಗಲೇ ಬೇಡ ಅಂತ ತಲೆ ಆಡಿಸಿಬಿಟ್ಟರು. ಕಾರಲ್ಲೇ ಹೋದರೆ? ಹರಿಹರ, ಹೊಸಪೇಟೆ, ಸಿಂಧನೂರು ಮೇಲೆ ಐನೂರು ಕಿ.ಮೀ. ಆಸುಪಾಸು ಆಗುತ್ತೆ ಅನ್ಸುತ್ತೆ.

ರನ್‌ವೇಬದಿ:
ಅದೇ ಒಳ್ಳೇದು. ಬೇಕಾದಲ್ಲಿ ನಿಲ್ಲಿಸಿ ಕಾಲು ಚಾಚಬಹುದು. ಒಂದೇ ದಿನದಲ್ಲಿ ಮುಗಿಸೋಕೆ ಹೋಗಬೇಡಿ, ಹೊಸಪೇಟೆಯಲ್ಲಿ ರಾತ್ರಿ ಉಳಿಯಿರಿ. ರೂಮು ಕೆಳಗಿನ ಮಹಡಿಯಲ್ಲೇ ಕೇಳಿ.

ತುಂಗಾತೀರ:
ಸರಿ. ಲಿಂಗಸುಗೂರು ದಾಟಿ ತಿಂಥಣಿ ಬ್ರಿಜ್ ಕಡೆ ರಸ್ತೆ ಈಗ ಹೇಗಿದೆ? ಈಚೆಗೆ ಹೋದವರು ಹೇಳಿ.