ಸಣ್ಣ ಕ್ರೈಸ್ತ ಸಭೆಗೆ ಕಡಿಮೆ ಖರ್ಚಿನಲ್ಲಿ ಜಾಲತಾಣ ಮತ್ತು ನೇರಪ್ರಸಾರ: ಅನುಭವಿಗಳ ಸಲಹೆ ಬೇಕು

ಪ್ರಶ್ನೆ: ಮಲೆನಾಡಿನ ಸಭಾ ಕಾರ್ಯದರ್ಶಿ

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆಗಳು.

ಚಿಕ್ಕಮಗಳೂರು ಜಿಲ್ಲೆಯ ಕಾಫಿ ತೋಟಗಳ ನಡುವೆ ಇರುವ ಒಂದು ಸಿಎಸ್‌ಐ (ದಕ್ಷಿಣ ಭಾರತ ಸಭೆ) ಸಭೆಯ ಪರವಾಗಿ ಬರೆಯುತ್ತಿದ್ದೇನೆ. ನಮ್ಮದು ಸುಮಾರು 70 ಕುಟುಂಬಗಳ ಸಭೆ. ಕಿರಿಯರಲ್ಲಿ ಬಹುಪಾಲು ಜನ ಬೆಂಗಳೂರು, ಮಂಗಳೂರು ಮತ್ತು ಕೊಲ್ಲಿ ರಾಷ್ಟ್ರಗಳಲ್ಲಿ ಕೆಲಸದಲ್ಲಿದ್ದಾರೆ. ಊರಿನಲ್ಲಿ ಉಳಿದಿರುವ ಹಿರಿಯರಲ್ಲಿ ಹಲವರಿಗೆ ಮಳೆಗಾಲದಲ್ಲಿ ದೇವಾಲಯದವರೆಗೆ ಬರುವುದೇ ಕಷ್ಟವಾಗುತ್ತದೆ. ಆದ್ದರಿಂದ ಭಾನುವಾರದ ಆರಾಧನೆಯನ್ನು ಅವರೆಲ್ಲರಿಗೂ ತಲುಪಿಸಬೇಕು, ಸಭೆಗೆ ಒಂದು ಜಾಲತಾಣವೂ ಇರಬೇಕು ಎಂದು ಸಭಾಪಾಲನಾ ಸಮಿತಿ ತೀರ್ಮಾನಿಸಿದೆ.

ಒಂದು ಸಂಸ್ಥೆಯವರು ಜಾಲತಾಣ, ಮೊಬೈಲ್ ಆ್ಯಪ್, ನೇರಪ್ರಸಾರ, ಆನ್‌ಲೈನ್ ಕಾಣಿಕೆ ಎಲ್ಲವನ್ನೂ ಸೇರಿಸಿ ಮೊದಲ ವರ್ಷಕ್ಕೆ 60,000 ರೂಪಾಯಿ, ಅನಂತರ ಪ್ರತಿ ವರ್ಷ 24,000 ರೂಪಾಯಿ ಆಗುತ್ತದೆಂದು ಹೇಳಿದ್ದಾರೆ. ಸಮಿತಿ ಇದಕ್ಕಾಗಿ ತೆಗೆದಿರಿಸಬಹುದಾದ ಮೊತ್ತ ವರ್ಷಕ್ಕೆ 15,000 ರೂಪಾಯಿ ಮಾತ್ರ. ದೇವಾಲಯದ ಒಳಗೆ ಮೊಬೈಲ್ ಸಿಗ್ನಲ್ ದುರ್ಬಲವಾಗಿದೆ, ಆದರೆ ಎದುರಿನ ರಸ್ತೆಯವರೆಗೆ ಫೈಬರ್ ಬಂದಿದೆ. ಮಳೆಗಾಲದಲ್ಲಿ ಕರೆಂಟು ಯಾವಾಗ ಹೋಗುತ್ತದೆಂದು ಹೇಳಲಾಗದು. ಇದಲ್ಲದೆ ನಮ್ಮ ಹಾಡುಗಳನ್ನು ಹಿಂದಿನ ಕಾರ್ಯದರ್ಶಿಯವರು ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಟೈಪ್ ಮಾಡಿಸಿ ಇಟ್ಟಿದ್ದಾರೆ. ಅವನ್ನೂ ಬಳಸಿಕೊಳ್ಳುವ ಆಸೆಯಿದೆ. ಯಾವುದಕ್ಕೆ ಹಣ ಹಾಕಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಈ ಕೆಲಸ ಮಾಡಿರುವವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಜಾಲತಾಣ ವಿನ್ಯಾಸಕ, ಬೆಂಗಳೂರು

ಕಾರ್ಯದರ್ಶಿಗಳೇ, ವಂದನೆಗಳು. 70 ಕುಟುಂಬಗಳ ಸಭೆಗೆ ಪ್ರತ್ಯೇಕ ಮೊಬೈಲ್ ಆ್ಯಪ್ ಅಗತ್ಯವಿಲ್ಲ. ಆ್ಯಪ್ ಮಾಡಿಸುವುದಕ್ಕಿಂತ ಅದನ್ನು ಹೊಸ ಹೊಸ ಫೋನುಗಳಿಗೆ ತಕ್ಕಂತೆ ನಡೆಸಿಕೊಂಡು ಹೋಗುವುದು ದೊಡ್ಡ ಖರ್ಚು, ಮತ್ತು ನಿಮ್ಮ ಜನ ಈಗಾಗಲೇ ದಿನವೂ ತೆರೆಯುವ ವಾಟ್ಸ್‌ಆ್ಯಪ್, ಯೂಟ್ಯೂಬ್‌ಗಳನ್ನು ಬಿಟ್ಟು ಅದನ್ನು ತೆರೆಯುವುದೂ ಅಪರೂಪ.

ಹಣ ಕೊಟ್ಟು ಪಡೆಯಲೇಬೇಕಾದ ವಸ್ತು ಒಂದೇ, ಅದು ಡೊಮೈನ್ ಹೆಸರು, ಅಂದರೆ ಜಾಲತಾಣದ ವಿಳಾಸ. ಡಾಟ್ ಇನ್ ಹೆಸರಿಗೆ ಸಾಮಾನ್ಯವಾಗಿ ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಆಗುತ್ತದೆ, ಡಾಟ್ ಆರ್ಗ್ ಸ್ವಲ್ಪ ಹೆಚ್ಚು. ಜಾಹೀರಾತಿನಲ್ಲಿ ಕಾಣುವ 99 ರೂಪಾಯಿ, 199 ರೂಪಾಯಿಗಳು ಮೊದಲ ವರ್ಷದ ಬೆಲೆಗಳು. ನೀವು ನೋಡಬೇಕಾದದ್ದು ನವೀಕರಣದ ಬೆಲೆ, ಅದರ ಮೇಲೆ ಶೇಕಡಾ 18 ಜಿಎಸ್‌ಟಿಯನ್ನೂ ಸೇರಿಸಿಕೊಂಡು. ಸಾಧ್ಯವಾದರೆ ಐದು ವರ್ಷಗಳಿಗೆ ಒಟ್ಟಿಗೆ ನೋಂದಾಯಿಸಿಬಿಡಿ.

ಇಲ್ಲಿ ಒಂದು ವಿಷಯವನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ಸಭೆಗಳು ಹೆಚ್ಚಾಗಿ ನಷ್ಟ ಅನುಭವಿಸುವುದು ಇಲ್ಲಿಯೇ. ಡೊಮೈನ್ ಸಭೆಯ ಹೆಸರಿನಲ್ಲಿ, ಸಭೆಯದೇ ಆದ ಇಮೇಲ್ ವಿಳಾಸದಲ್ಲಿ ನೋಂದಣಿಯಾಗಬೇಕು. ನಾನು ಬಲ್ಲ ಒಂದು ಸಭೆಯಲ್ಲಿ ಜಾಲತಾಣ ಮಾಡಿಕೊಟ್ಟವರು ಡೊಮೈನನ್ನು ತಮ್ಮದೇ ಖಾತೆಯಲ್ಲಿ ಇಟ್ಟುಕೊಂಡಿದ್ದರು. ಮೂರು ವರ್ಷಗಳ ಬಳಿಕ ಸಭೆಯವರು ಬೇರೆ ಕಡೆಗೆ ಹೋಗಬೇಕೆಂದಾಗ ವರ್ಗಾವಣೆಯ ಕೋಡ್ ಕೊಡುವವರೇ ಇಲ್ಲವಾಗಿ, ಕೊನೆಗೆ ಬೇರೆ ಹೆಸರನ್ನು ಕೊಂಡುಕೊಂಡು, ಅಚ್ಚಾಗಿದ್ದ ಲೆಟರ್‌ಹೆಡ್‌ಗಳನ್ನೆಲ್ಲ ಬದಲಾಯಿಸಬೇಕಾಯಿತು. ಖಾತೆಯ ಇಮೇಲ್ ಯಾರದೋ ಸ್ವಂತ ವಿಳಾಸವಾಗಿರಬಾರದು. ಚುನಾವಣೆಯಾಗಿ ಸಮಿತಿ ಬದಲಾದಾಗ ಹೊಸ ಕಾರ್ಯದರ್ಶಿಗೆ ದೇವಾಲಯದ ಬೀಗದ ಕೈಯ ಜೊತೆಗೆ ಈ ಪಾಸ್‌ವರ್ಡುಗಳೂ ಹಸ್ತಾಂತರವಾಗಬೇಕು. ಸಭಾಪಾಲಕರ ಮತ್ತು ಖಜಾಂಚಿಯವರ ಫೋನ್ ಸಂಖ್ಯೆಗಳೆರಡನ್ನೂ ಮರುಪಡೆಯುವ ಸಂಖ್ಯೆಗಳಾಗಿ ಸೇರಿಸಿ.

ಹೆಸರು ನಿಮ್ಮ ಕೈಯಲ್ಲಿದ್ದರೆ ಪುಟಗಳನ್ನು ಇಡುವುದಕ್ಕೆ ಏನೂ ಖರ್ಚಾಗಬೇಕಿಲ್ಲ. ಗೂಗಲ್ ಸೈಟ್ಸ್‌ನಲ್ಲಿಯೋ ಬ್ಲಾಗರ್‌ನಲ್ಲಿಯೋ ಉಚಿತವಾಗಿ ಪುಟಗಳನ್ನು ರಚಿಸಿ ನಿಮ್ಮ ಡೊಮೈನನ್ನು ಜೋಡಿಸಬಹುದು. ನಿಮ್ಮ ಯುವಕರಲ್ಲಿ ಎಚ್‌ಟಿಎಂಎಲ್ ಬಲ್ಲವರಿದ್ದರೆ ಕ್ಲೌಡ್‌ಫ್ಲೇರ್ ಪೇಜಸ್ ಅಥವಾ ಗಿಟ್‌ಹಬ್ ಪೇಜಸ್‌ನ ಉಚಿತ ಸೇವೆ ಇನ್ನೂ ಉತ್ತಮ. ಭದ್ರತಾ ಪ್ರಮಾಣಪತ್ರವೂ ಅದರಲ್ಲೇ ಉಚಿತವಾಗಿ ಬರುತ್ತದೆ. ಎಸ್‌ಎಸ್‌ಎಲ್ ಎಂಬ ಈ ಪ್ರಮಾಣಪತ್ರಕ್ಕೆಂದು ಯಾರಾದರೂ ಬೇರೆಯಾಗಿ ಸಾವಿರಾರು ರೂಪಾಯಿ ಕೇಳಿದರೆ ಕೊಡಬೇಡಿ. ಜಾಲತಾಣ ನಡೆಸುವ ತಂತ್ರಾಂಶವಾದ ವರ್ಡ್‌ಪ್ರೆಸ್ ಬೇಡವೆಂದು ನಾನು ಹೇಳುವುದಿಲ್ಲ, ಆದರೆ ಅದನ್ನೂ ಅದಕ್ಕೆ ಸೇರಿಸುವ ಪ್ಲಗಿನ್‌ಗಳನ್ನೂ ಆಗಾಗ ಅಪ್‌ಡೇಟ್ ಮಾಡುವ ಒಬ್ಬರು ಇಲ್ಲದಿದ್ದರೆ ಅದು ಬಹಳ ಬೇಗ ಕಿಡಿಗೇಡಿಗಳ ವಶವಾಗುತ್ತದೆ.

ಜಾಲತಾಣಕ್ಕಿಂತ ಮೊದಲು ಗೂಗಲ್ ಮ್ಯಾಪ್ಸ್‌ನಲ್ಲಿ ನಿಮ್ಮ ದೇವಾಲಯದ ಗುರುತನ್ನು ಸಭೆಯ ಖಾತೆಗೆ ತೆಗೆದುಕೊಳ್ಳಿ. ಅದು ಉಚಿತ. ಕ್ರಿಸ್ಮಸ್ ವಾರದಲ್ಲಿ ನಿಮ್ಮ ಕಡೆಗೆ ಬರುವ ಪ್ರವಾಸಿಗಳು ಹುಡುಕುವುದು ಆರಾಧನೆಯ ಸಮಯವನ್ನು, ಅದನ್ನು ಅಲ್ಲಿಯೇ ಹುಡುಕುತ್ತಾರೆ.

ಉತ್ತರ 2: ಧ್ವನಿ ಮತ್ತು ನೇರಪ್ರಸಾರದ ಸ್ವಯಂಸೇವಕಿ, ಮಂಗಳೂರು

ಮೇಲಿನ ಸಹೋದರರು ಜಾಲತಾಣದ ಬಗ್ಗೆ ಹೇಳಿರುವುದನ್ನು ಪೂರ್ಣವಾಗಿ ಒಪ್ಪುತ್ತೇನೆ. 2020ರ ಲಾಕ್‌ಡೌನ್ ಸಮಯದಿಂದ ನಮ್ಮ ಸಭೆಯ ನೇರಪ್ರಸಾರವನ್ನು ಯುವಜನರೊಂದಿಗೆ ನೋಡಿಕೊಳ್ಳುತ್ತಿರುವುದರಿಂದ ಆ ಭಾಗದ ಬಗ್ಗೆ ಬರೆಯುತ್ತೇನೆ.

ಕ್ಯಾಮೆರಾಕ್ಕೆ ಹಣ ಹಾಕಬೇಡಿ, ಧ್ವನಿಗೆ ಹಾಕಿ. ಚಿತ್ರ ಮಸುಕಾಗಿದ್ದರೂ ಹಿರಿಯರು ಕೊನೆಯವರೆಗೆ ಕೂತು ಕೇಳುತ್ತಾರೆ, ಆದರೆ ಪ್ರಸಂಗ (ಸಭಾಪಾಲಕರ ಬೋಧನೆ) ಕೇಳಿಸದಿದ್ದರೆ ಐದೇ ನಿಮಿಷದಲ್ಲಿ ಮುಚ್ಚಿಬಿಡುತ್ತಾರೆ. ನಿಮ್ಮ ಯಾರದಾದರೂ ಒಳ್ಳೆಯ ಫೋನನ್ನು ಟ್ರೈಪಾಡ್ ಮೇಲೆ ಇಟ್ಟು ವೆಬ್‌ಕ್ಯಾಮ್‌ನಂತೆ ಲ್ಯಾಪ್‌ಟಾಪಿಗೆ ಜೋಡಿಸಿದರೆ ಚಿತ್ರಕ್ಕೆ ಸಾಕು. ಧ್ವನಿಯನ್ನು ಮಾತ್ರ ಫೋನಿನ ಮೈಕಿನಿಂದ ತೆಗೆದುಕೊಳ್ಳಬಾರದು. ಎತ್ತರದ ಮಾಡಿನ ಹಳೆಯ ದೇವಾಲಯಗಳಲ್ಲಿ ಪ್ರತಿಧ್ವನಿಯೇ ಹೆಚ್ಚು ಸೇರಿಕೊಳ್ಳುತ್ತದೆ. ನಿಮ್ಮ ಮಿಕ್ಸರಿನ ಹಿಂಭಾಗದಲ್ಲಿ ರೆಕಾರ್ಡಿಂಗ್‌ಗೆಂದು ಅಥವಾ ಆಕ್ಸ್ ಎಂದು ಒಂದು ಔಟ್‌ಪುಟ್ ಇರುತ್ತದೆ. ಅಲ್ಲಿಂದ ಯುಎಸ್‌ಬಿ ಆಡಿಯೋ ಇಂಟರ್‌ಫೇಸ್ (ಧ್ವನಿಯನ್ನು ಲ್ಯಾಪ್‌ಟಾಪಿಗೆ ತಲುಪಿಸುವ ಸಣ್ಣ ಪೆಟ್ಟಿಗೆ) ಮೂಲಕ ಲ್ಯಾಪ್‌ಟಾಪಿಗೆ ತಂತಿ ಎಳೆಯಿರಿ.

ಜೋಡಿಸಿದ ಕೂಡಲೇ ಗುಂಯ್ ಎಂಬ ಸದ್ದು ನಿಲ್ಲದೆ ಬಂದರೆ ಗಾಬರಿಯಾಗಬೇಡಿ. ಲ್ಯಾಪ್‌ಟಾಪಿನ ಚಾರ್ಜರನ್ನು ಗೋಡೆಯಿಂದ ಕೀಳಿ. ಸದ್ದು ತಕ್ಷಣ ನಿಂತರೆ ಅದು ಅರ್ಥಿಂಗಿನ ತೊಂದರೆ, ಮಿಕ್ಸರಿನದಲ್ಲ. ಮಿಕ್ಸರನ್ನೂ ಲ್ಯಾಪ್‌ಟಾಪನ್ನೂ ಒಂದೇ ಸ್ವಿಚ್‌ಬೋರ್ಡಿಗೆ ಸೇರಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಇನ್ನೊಂದು ಮಾತು: ಪೀಠದ ಮೈಕನ್ನು ಮಾತ್ರ ಪ್ರಸಾರ ಮಾಡಿದರೆ ಮನೆಯಲ್ಲಿ ಕೇಳುವವರಿಗೆ ಸಭಾಪಾಲಕರು ಒಬ್ಬರೇ ಹಾಡುತ್ತಿರುವಂತೆ ಕೇಳಿಸುತ್ತದೆ. ಜನರ ಕಡೆಗೆ ಮುಖ ಮಾಡಿದ ಒಂದು ಮೈಕನ್ನು ಪ್ರಸಾರಕ್ಕೆ ಮಾತ್ರ ಸೇರುವಂತೆ ಕೊಡಿ. ಅದನ್ನು ಒಳಗಿನ ಸ್ಪೀಕರುಗಳಿಗೆ ಕೊಟ್ಟರೆ ಕೂಗು ಬರುತ್ತದೆ. ಹಾಸಿಗೆ ಹಿಡಿದಿರುವ ಅಜ್ಜಿಯಂದಿರಿಗೆ ತಮ್ಮ ಸಭೆಯವರೆಲ್ಲ ಕೂಡಿ ಹಾಡುವುದು ಕೇಳಿಸಬೇಕು, ಅದಕ್ಕಾಗಿಯೇ ಈ ಶ್ರಮವೆಲ್ಲ.

ಯೂಟ್ಯೂಬಿನಲ್ಲಿ ಫೋನಿನ ಆ್ಯಪ್‌ನಿಂದ ನೇರಪ್ರಸಾರ ಮಾಡಬೇಕಾದರೆ ಚಾನೆಲ್ಲಿಗೆ ಕನಿಷ್ಠ 50 ಚಂದಾದಾರರಿರಬೇಕು. ಲ್ಯಾಪ್‌ಟಾಪಿನಲ್ಲಿ ಒಬಿಎಸ್ ಸ್ಟುಡಿಯೋ ಎಂಬ ಉಚಿತ ತಂತ್ರಾಂಶದಿಂದ ಮಾಡಿದರೆ ಆ ಷರತ್ತು ಇಲ್ಲ. ಆದರೆ ನೇರಪ್ರಸಾರದ ಸೌಲಭ್ಯವನ್ನು ಮೊದಲ ಸಲ ಕೇಳಿದಾಗ ಅದು ದೊರೆಯಲು 24 ಗಂಟೆಗಳವರೆಗೆ ಹಿಡಿಯಬಹುದಾದ್ದರಿಂದ ಶನಿವಾರ ರಾತ್ರಿ ಆರಂಭಿಸಬೇಡಿ. ಸೆಕೆಂಡಿಗೆ ಎರಡೂವರೆ ಮೆಗಾಬಿಟ್ ವೇಗದಲ್ಲಿ ಕಳುಹಿಸಿದರೆ ಒಂದೂವರೆ ಗಂಟೆಯ ಆರಾಧನೆಗೆ ಸುಮಾರು 1.7 ಜಿಬಿ ಡೇಟಾ ಆಗುತ್ತದೆ. ತಿಂಗಳಿಗೆ 400ರಿಂದ 500 ರೂಪಾಯಿಯ ಫೈಬರ್ ಸಂಪರ್ಕ ಇದಕ್ಕೆ ಧಾರಾಳವಾಗಿ ಸಾಕು. ಸಂಪರ್ಕ ಕೇಳುವಾಗ ಅಪ್‌ಲೋಡ್ ವೇಗ ಎಷ್ಟೆಂದು ವಿಚಾರಿಸಿ, ಏಕೆಂದರೆ ನಿಮಗೆ ಮುಖ್ಯವಾದದ್ದು ಅದು. ಕರೆಂಟು ಹೋದಾಗ ಮನೆಯ ದೊಡ್ಡ ಯುಪಿಎಸ್ ಬೇಕಿಲ್ಲ. ರೌಟರಿಗೆಂದೇ 12 ವೋಲ್ಟಿನ ಮಿನಿ ಯುಪಿಎಸ್ ಒಂದೆರಡು ಸಾವಿರ ರೂಪಾಯಿಗೆ ಸಿಗುತ್ತದೆ. ಫೈಬರಿನ ಪೆಟ್ಟಿಗೆ ಬೇರೆಯಾಗಿದ್ದರೆ ಅದಕ್ಕೂ ಅದರಿಂದಲೇ ವಿದ್ಯುತ್ ಬರುವಂತೆ ನೋಡಿಕೊಳ್ಳಿ.

ಸಂಡೆ ಸ್ಕೂಲಿನ ಮಕ್ಕಳನ್ನು ತೋರಿಸುವ ಮುನ್ನ ತಂದೆತಾಯಿಗಳಿಂದ ಲಿಖಿತ ಒಪ್ಪಿಗೆ ಪಡೆಯಿರಿ. ಕ್ಯಾಮೆರಾ ಹಿಂಬದಿಯಿಂದ ಪೀಠವನ್ನು ಮಾತ್ರ ನೋಡುವಂತಿದ್ದರೆ ಪ್ರಾರ್ಥಿಸುತ್ತಾ ಅಳುವವರ ಮುಖ ಲೋಕಕ್ಕೆಲ್ಲ ಕಾಣುವುದೂ ತಪ್ಪುತ್ತದೆ.

ಉತ್ತರ 3: ನಿವೃತ್ತ ಲೆಕ್ಕಪರಿಶೋಧಕ, ಧಾರವಾಡ

ಆನ್‌ಲೈನ್ ಕಾಣಿಕೆಯ ಬಗ್ಗೆ ಮಾತ್ರ ನಾನು ಬರೆಯುತ್ತೇನೆ, ಏಕೆಂದರೆ ನಿಮ್ಮವರು ಕೊಲ್ಲಿ ರಾಷ್ಟ್ರಗಳಲ್ಲಿದ್ದಾರೆಂದು ತಿಳಿಸಿದ್ದೀರಿ.

ಸಭೆಯ ಬ್ಯಾಂಕ್ ಖಾತೆಗೆ ಜೋಡಿಸಿದ ಯುಪಿಐ ಕ್ಯೂಆರ್ ಸಾಕು. 2020ರ ಜನವರಿಯಿಂದ ಯುಪಿಐ ಪಾವತಿಗೆ ವ್ಯಾಪಾರಿ ಶುಲ್ಕವಿಲ್ಲ, ಆದ್ದರಿಂದ ನೂರು ರೂಪಾಯಿ ಕೊಟ್ಟರೆ ನೂರೂ ಸಭೆಗೇ ಬರುತ್ತದೆ. ಯಾವ ಕಾರಣಕ್ಕೂ ಖಜಾಂಚಿಯವರ ಸ್ವಂತ ಸಂಖ್ಯೆಯ ಕ್ಯೂಆರ್ ಹಾಕಬಾರದು. ಅವರು ಎಷ್ಟೇ ಪ್ರಾಮಾಣಿಕರಾಗಿದ್ದರೂ ಲೆಕ್ಕಪರಿಶೋಧನೆಯ ದಿನ ಅವರಿಗೇ ಮುಜುಗರವಾಗುತ್ತದೆ.

ಕಾರ್ಡ್ ಪಾವತಿಯ ಬಟನ್ನನ್ನು ಜಾಲತಾಣದಲ್ಲಿ ಹಾಕಲು ಹೇಳಿದರೆ ಬೇಡವೆನ್ನಿ. ಪ್ರಪಂಚದ ಯಾವ ಮೂಲೆಯಿಂದಲಾದರೂ ಯಾರಾದರೂ ಹಣ ಹಾಕಬಹುದಾದ ದಾರಿ ಅದು, ಮತ್ತು ಅಲ್ಲಿಗೆ ವಿದೇಶಿ ವಂತಿಗೆಯ ಕಾಯಿದೆ ಬರುತ್ತದೆ. ಕೊಲ್ಲಿಯಲ್ಲಿ ದುಡಿಯುತ್ತಿದ್ದರೂ ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡಿರುವ ನಿಮ್ಮ ಸಭೆಯವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಡುವುದು ವಿದೇಶಿ ವಂತಿಗೆಯಲ್ಲ. ಆದರೆ ಅಮೆರಿಕದ ಅಥವಾ ಬ್ರಿಟನ್ನಿನ ಪೌರತ್ವ ಪಡೆದವರು, ಒಸಿಐ ಕಾರ್ಡ್ (ಸಾಗರೋತ್ತರ ಭಾರತೀಯರ ಗುರುತಿನ ಕಾರ್ಡ್) ಇದ್ದರೂ, ಕೊಡುವ ಹಣ ವಿದೇಶಿ ವಂತಿಗೆಯೇ. ಎಫ್‌ಸಿಆರ್‌ಎ ಎಂಬ 2010ರ ಈ ಕಾಯಿದೆಯ ಪ್ರಕಾರ ಅದನ್ನು ಪಡೆಯಲು ನೋಂದಣಿ ಅಥವಾ ಪೂರ್ವಾನುಮತಿ ಇರಲೇಬೇಕು, ಮತ್ತು 2020ರ ತಿದ್ದುಪಡಿಯ ನಂತರ ಅದು ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ನಿಗದಿತ ಖಾತೆಗೇ ಮೊದಲು ಬರಬೇಕು. ನೋಂದಣಿಯಿಲ್ಲದ ಸಣ್ಣ ಸಭೆಯ ಉಳಿತಾಯ ಖಾತೆಗೆ ಅಂಥ ಹಣ ಪ್ರೀತಿಯಿಂದಲೇ ಬಂದರೂ ಅದು ಕಾನೂನಿನ ಉಲ್ಲಂಘನೆಯಾಗುತ್ತದೆ. ಮುಂದುವರಿಯುವ ಮೊದಲು ನಿಮ್ಮ ಡಯಾಸಿಸ್ ಕಚೇರಿಯನ್ನು ಪತ್ರದ ಮೂಲಕ ಕೇಳಿ ಲಿಖಿತ ಉತ್ತರ ಪಡೆದುಕೊಳ್ಳಿ.

ಉತ್ತರ 4: ಹಾಡುಪುಸ್ತಕದ ಕೆಲಸದಲ್ಲಿ ತೊಡಗಿರುವವರು, ಹುಬ್ಬಳ್ಳಿ

ನುಡಿಯ ಹಳೆಯ ಕಡತಗಳನ್ನು ಎಸೆಯಬೇಡಿ. ಆ ಅಕ್ಷರಶೈಲಿಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದವು, ಆದ್ದರಿಂದ ಆ ಫಾಂಟ್ ಇಲ್ಲದ ಫೋನಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಷ್ಟೇ ಕಾಣುತ್ತವೆ. ಎಲ್ಲ ಫೋನುಗಳೂ ಓದಬಲ್ಲ ಯೂನಿಕೋಡ್ ಎಂಬ ಸಂಕೇತ ವಿಧಾನಕ್ಕೆ ಬದಲಾಯಿಸುವ ಉಚಿತ ಪರಿವರ್ತಕಗಳಿವೆ. ಪರಿವರ್ತನೆಯಾದ ಮೇಲೆ ಅರ್ಕಾವತ್ತನ್ನು ವಿಶೇಷವಾಗಿ ಪರಿಶೀಲಿಸಿ. ಹಳೆಯ ವಿಧಾನದಲ್ಲಿ ಅದು ಅಕ್ಷರದ ನಂತರ ಬರುತ್ತಿತ್ತು, ಯೂನಿಕೋಡಿನಲ್ಲಿ ಮೊದಲೇ ಬರಬೇಕು, ಮತ್ತು ಪರಿವರ್ತಕಗಳು ಎಡವುವುದು ಅಲ್ಲಿಯೇ. ಕರ್ತ, ಸ್ವರ್ಗ, ಕೀರ್ತನೆ, ಆಶೀರ್ವಾದ, ಪ್ರಾರ್ಥನೆ: ನಮ್ಮ ಹಾಡುಗಳ ತುಂಬ ಇಂಥ ಪದಗಳೇ ಇರುವುದರಿಂದ ಹಳೆಯ ಪುಸ್ತಕವನ್ನು ಕೈಯಲ್ಲಿ ಹಿಡಿದು ಇಬ್ಬರು ಕೂತು ಓದಿಸಿ ತಿದ್ದುವುದು ಅನಿವಾರ್ಯ. ಈ ಕೆಲಸಕ್ಕೆ ನಿಮ್ಮ ನಿವೃತ್ತ ಶಿಕ್ಷಕರನ್ನು ಕೇಳಿ. ಹಣದಿಂದ ಕೊಳ್ಳಲಾಗದ ಕೆಲಸವಿದು.

ಹಾಡುಗಳನ್ನು ತೆರೆಯ ಮೇಲೆ ತೋರಿಸಲು ಓಪನ್‌ಎಲ್‌ಪಿ ಎಂಬ ಉಚಿತ ತಂತ್ರಾಂಶವಿದೆ. ನೋಟೊ ಸಾನ್ಸ್ ಕನ್ನಡ ಫಾಂಟನ್ನು ಬಳಸಿ ಸಾಲುಗಳ ಅಂತರವನ್ನು ಹೆಚ್ಚಿಸಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಒಂದು ತೆರೆಗೆ ನಾಲ್ಕು ಸಾಲು ಸಾಕು.

ಹಕ್ಕುಸ್ವಾಮ್ಯವನ್ನೂ ಗಮನಿಸಬೇಕು. ನಮ್ಮ ಕಾಯಿದೆಯಲ್ಲಿ ಬರೆದವರು ತೀರಿಕೊಂಡು 60 ವರ್ಷಗಳವರೆಗೆ ಹಕ್ಕು ಇರುತ್ತದೆ. ಬಾಸೆಲ್ ಮಿಷನ್ನಿನ ಮೊಗ್ಲಿಂಗ್ 1881ರಲ್ಲಿಯೂ ಕಿಟೆಲ್ 1903ರಲ್ಲಿಯೂ ತೀರಿಕೊಂಡವರು, ಅವರ ಕಾಲದವರ ಪದ್ಯಗಳಿಗೆ ಅಡ್ಡಿಯಿಲ್ಲ. ಇಂದಿನ ರಚನಕಾರರ ಹಾಡುಗಳಿಗೆ ಅನುಮತಿ ಕೇಳಿ, ಹೆಸರು ಹಾಕಿ. ಸತ್ಯವೇದದ ಇಂದಿನ ಅನುವಾದಗಳನ್ನೂ ಜಾಲತಾಣಕ್ಕೆ ಇಡಿಯಾಗಿ ಹಾಕಬಾರದು, ಹಾಕುವುದಾದರೆ ಪ್ರಕಟಿಸಿದವರ ಅನುಮತಿ ಬೇಕು.

ಮರುಪ್ರಶ್ನೆ: ಮಲೆನಾಡಿನ ಸಭಾ ಕಾರ್ಯದರ್ಶಿ

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಡೊಮೈನ್, ಫೈಬರ್, ಮಿನಿ ಯುಪಿಎಸ್, ಆಡಿಯೋ ಇಂಟರ್‌ಫೇಸ್ ಎಲ್ಲ ಸೇರಿದರೂ 15,000 ದಾಟುವುದಿಲ್ಲವೆಂದು ಕಾಣುತ್ತದೆ. ಲ್ಯಾಪ್‌ಟಾಪ್ ಯುವಜನ ಸಂಘದಲ್ಲಿದೆ. ಸಮಿತಿಯ ಮುಂದೆ ಇದನ್ನೇ ಇಡುತ್ತೇನೆ. ಒಂದು ಸಂದೇಹ ಮಾತ್ರ ಉಳಿದಿದೆ: ನಮ್ಮ ಹಿರಿಯರಲ್ಲಿ ಕೆಲವರ ಬಳಿ ಕೀಪ್ಯಾಡ್ ಫೋನ್ ಮಾತ್ರ ಇದೆ. ಅವರಿಗೆ ಏನು ಮಾಡಬಹುದು?

ಉತ್ತರ 5: ಧ್ವನಿ ಮತ್ತು ನೇರಪ್ರಸಾರದ ಸ್ವಯಂಸೇವಕಿ, ಮಂಗಳೂರು

ಅವರಿಗೆ ವಿಡಿಯೋ ಬೇಡ, ಆಡಿಯೋ ಕೊಡಿ. ರೆಕಾರ್ಡಿಂಗ್ ಬಟನ್ ಒತ್ತಿದ್ದರೆ ಮಿಕ್ಸರಿನಿಂದ ಬಂದ ಧ್ವನಿಯನ್ನು ಒಬಿಎಸ್ ಅದೇ ಸಮಯದಲ್ಲಿ ಲ್ಯಾಪ್‌ಟಾಪಿನಲ್ಲಿಯೂ ಉಳಿಸುತ್ತದೆ. ಅದರಿಂದ ಪ್ರಸಂಗವನ್ನು ಕತ್ತರಿಸಿ, ಮೋನೋ ಮಾಡಿ, 48 ಕೆಬಿಪಿಎಸ್‌ನ ಎಂಪಿ3 ಆಗಿ ಬದಲಾಯಿಸಿದರೆ 25 ನಿಮಿಷದ ಪ್ರಸಂಗ ಸುಮಾರು 9 ಎಂಬಿ ಆಗುತ್ತದೆ. ದುರ್ಬಲ ಸಿಗ್ನಲ್ ಇರುವ ತೋಟದ ಮನೆಗಳಿಗೂ ಇದನ್ನು ವಾಟ್ಸ್‌ಆ್ಯಪಿನಲ್ಲಿ ಕಳುಹಿಸಬಹುದು. ಕೀಪ್ಯಾಡ್ ಫೋನುಗಳಲ್ಲಿ ಹೆಚ್ಚಿನವು ಮೆಮೊರಿ ಕಾರ್ಡಿನಿಂದ ಎಂಪಿ3 ನುಡಿಸುತ್ತವೆ. ಕಾರ್ಡ್ ಹಾಕುವ ಸಣ್ಣ ರೇಡಿಯೋ ಸ್ಪೀಕರುಗಳೂ ನೂರಾರು ರೂಪಾಯಿಗೆ ದೊರೆಯುತ್ತವೆ. ಪ್ರತಿ ಹಿರಿಯರಿಗೂ ಎರಡು ಕಾರ್ಡುಗಳನ್ನು ಇಡಿ. ತಿಂಗಳಿಗೊಮ್ಮೆ ಸಭಾಪಾಲಕರು ಕರ್ತನ ಭೋಜನ ಕೊಡಲು ಮನೆಗೆ ಹೋಗುವಾಗ ಹಳೆಯ ಕಾರ್ಡನ್ನು ತಂದು ಹೊಸದನ್ನು ಕೊಟ್ಟುಬರಲಿ. ಕಡತಗಳಿಗೆ 01, 02 ಎಂದು ಸಂಖ್ಯೆಯಿಂದಲೇ ಹೆಸರಿಡಿ, ಏಕೆಂದರೆ ಅಂಥ ಸ್ಪೀಕರುಗಳ ತೆರೆಯಲ್ಲಿ ಕನ್ನಡದ ಹೆಸರುಗಳು ಕಾಣಿಸುವುದಿಲ್ಲ.